ಮಾವನ ಒಂಬತ್ತನೇ ನಂಬಿಕೆ

ನಮ್ಮಜ್ಜಿಯ ಕಥೆಗಳಲ್ಲಿ ರಾಜಕುಮಾರನಿಗೆ ಜ್ಞಾನ ಬೇಕಾದರೆ ಏಳು ಕಾಡು ದಾಟಿ, ಗುಹೆಯಲ್ಲಿರುವ ಮುನಿಯ ಗಡ್ಡ ಬಾಚಿ, ವರ್ಷಗಟ್ಟಲೆ ಕಾಯಬೇಕಾಗಿತ್ತು. ನಮ್ಮ ಸೋದರಮಾವನಿಗೆ ಅದು ಮೂರು ಗಂಟೆಯಲ್ಲಿ, ಉಚಿತವಾಗಿ, ಫ್ಯಾನಿನ ಕೆಳಗೆ ಸಿಕ್ಕಿತು.

ಬಸ್ಸು ತಪ್ಪಿ, ಬಿಸಿಲಲ್ಲಿ ನಿಲ್ಲಲಾರದೆ ಮಾವ ಒಂದು ಸಭಾಂಗಣದೊಳಕ್ಕೆ ನುಗ್ಗಿದ್ದ. ಅಲ್ಲಿ ಕೋಟು ತೊಟ್ಟವರೊಬ್ಬರು ಮಾರಾಟದ ಮರ್ಮದ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು. ಹೊರಗೆ ಬಂದಾಗ ಮಾವನ ಕೈಯಲ್ಲಿ ಒಂದು ಉಚಿತ ನೋಟ್‌ಬುಕ್ ಇತ್ತು, ಮುಖದಲ್ಲಿ ಆಗಷ್ಟೇ ಹುಟ್ಟಿದ ಕೂಸಿನ ಕಳೆ ಇತ್ತು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ನನ್ನ ನಂಬಿಕೆಗಳು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ.

ಮಾವನದು ಹಾಸಿಗೆ ದಿಂಬಿನ ಅಂಗಡಿ. ತಾತ ಶುರು ಮಾಡಿದ್ದು. ಮುಂದೆ ದೊಡ್ಡ ಗಾಜು, ಹಿಂದೆ ಹತ್ತಿಯ ಕೋಣೆ, ಮಧ್ಯೆ ಗೋಡೆಗೆ ಒರಗಿ ನಿಂತ ಹಾಸಿಗೆಗಳು, ಮನೆಪಾಠ ಮಾಡದೆ ಬಂದ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹಾಗೆ. ಬೋರ್ಡಿನಲ್ಲಿ ಅಂಗಡಿಯ ಹೆಸರಿನ ಕೆಳಗೆ ‘ಹಳೆಯ ಹಾಸಿಗೆ ಬಿಚ್ಚಿ ತುಂಬಿಕೊಡಲಾಗುವುದು’ ಎಂಬ ಸಾಲೂ ಇತ್ತು. ಉಪನ್ಯಾಸದ ಮಾರನೇ ದಿನವೇ ಮಾವ ಅದಕ್ಕೆ ಬಿಳಿ ಬಣ್ಣ ಬಳಿದುಬಿಟ್ಟ. ನಾಲ್ಕನೇ ನಂಬಿಕೆ: ಒಂದು ಬೋರ್ಡಿಗೆ ಒಂದೇ ಮಾತು. ಅಲ್ಲಿಂದಾಚೆ ಹಳೇ ಹಾಸಿಗೆ ಹೊತ್ತು ತಂದವರನ್ನೆಲ್ಲ ಕೈಮುಗಿದು ವಾಪಸು ಕಳಿಸಿದ. ಆರನೇ ನಂಬಿಕೆ: ಸಿಗದಿದ್ದರೆ ಜನ ಹಾತೊರೆಯುತ್ತಾರೆ. ಅದಕ್ಕಾಗಿ ಮಂಗಳವಾರ, ಗುರುವಾರ ಅಂಗಡಿ ಮುಚ್ಚಿದ. ಜನ ಹಾತೊರೆಯಲಿಲ್ಲ, ಎರಡು ಬೀದಿ ಆಚೆಯ ಅಂಗಡಿಗೆ ಹೋದರು.

ಮೊದಲನೇ ನಂಬಿಕೆಯೊಂದು ಮಾತ್ರ ಕೋಟಿನವರು ಕೊಟ್ಟದ್ದಲ್ಲ, ತಾತನದು: ‘ಒಳಗೇನಿದೆ ಅಂತ ಗಿರಾಕಿಗೆ ಹೇಳಿಬಿಡು.’ ಹೊಲಿಗೆ ಬಿದ್ದ ಮೇಲೆ ಹಾಸಿಗೆಯ ಒಳಗಿರುವುದು ಹತ್ತಿಯೋ ಹರಕು ಬಟ್ಟೆಯೋ ಯಾರಿಗೂ ಕಾಣದು. ಅದಕ್ಕೇ ತಾತ ಹಾಗೆ ಹೇಳುತ್ತಿದ್ದರಂತೆ. ಮಾವ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಜಾಗ ತುಂಬಲು ಎಂದು ಅತ್ತೆಯ ಅಭಿಪ್ರಾಯ.

ಹೀಗೆ ಒಂದೂವರೆ ತಿಂಗಳು ಒಂದು ಹಾಸಿಗೆಯೂ ಮಾರಾಟವಾಗದೆ ಕಳೆದ ಮೇಲೆ ಅತ್ತೆಯ ಅಣ್ಣ ಊಟಕ್ಕೆ ಬಂದರು. ಅವರದು ದೊಡ್ಡ ಗೋಡೌನು. ಮನೆಯಲ್ಲಿ ಎಲ್ಲರೂ ಅವರನ್ನು ಗೋಡೌನ್ ಭಾವ ಎಂದೇ ಕರೆಯುವುದು, ಎದುರಿಗೆ ಮಾತ್ರ ಬರೀ ಭಾವ. ಕೈ ತೊಳೆದು, ಒರೆಸಿಕೊಂಡು, ಅವರು ತೀರ್ಪು ಕೊಟ್ಟರು.

“ನೋಡಪ್ಪಾ, ನಾನು ಕಟುಕ ಅಲ್ಲ. ಶನಿವಾರ ಸಂಜೆ ಐದರೊಳಗೆ ಒಂದೇ ಒಂದು ಹಾಸಿಗೆ ಮಾರಿ ತೋರಿಸು. ಆಗಲಿಲ್ವಾ, ಶಟರ್ ಎಳಿ. ಸೋಮವಾರ ಎಂಟಕ್ಕೆ ನನ್ನ ಗೇಟಲ್ಲಿ ನಿನಗೊಂದು ಕುರ್ಚಿ. ಒಳಗೆ ಹೋಗೋ ಮೂಟೆ ಎಷ್ಟು, ಹೊರಗೆ ಬರೋ ಮೂಟೆ ಎಷ್ಟು ಅಂತ ನೋಡ್ಕೊಂಡು ಕೂತಿರು. ನಂಬಿಕೆ ಗಿಂಬಿಕೆ ಏನೂ ಬೇಡ ಅಲ್ಲಿ.”

“ಕುರ್ಚಿ ಮೇಲೆ ದಿಂಬು ಹಾಕ್ಕೋಬಹುದಾ ಭಾವ?” ಅಂದ ಮಾವ ಮೆಲ್ಲಗೆ.

ಅಂದು ಮಧ್ಯಾಹ್ನವೆಲ್ಲ ಅವನು ಹತ್ತಿಯ ಕೋಣೆಯಲ್ಲಿ ಕೂತಿದ್ದ. ಹುಟ್ಟಿ ಎಂಟು ದಿನಕ್ಕೆ ಅವನನ್ನು ಮಲಗಿಸಿದ್ದು ಆ ಕೋಣೆಯ ಹತ್ತಿ ರಾಶಿಯ ಮೇಲೆಯೇ ಅಂತೆ.

ಶನಿವಾರ ಬೆಳಗ್ಗೆ ಮಾತ್ರ ಎದ್ದವನೇ ಚಿಟಿಕೆ ಹೊಡೆದ. ಗಾಜಿನ ಹಿಂದೆ ಮಂಚ ಎಳೆಸಿದ. ಒಂದು ರಟ್ಟಿನ ಮೇಲೆ ‘ಮಲಗಿ ನೋಡಿ. ಮಾತು ಆಮೇಲೆ’ ಎಂದು ಬರೆದು ತೂಗುಹಾಕಿ, ಜೊತೆಗೆ ಬಂದಿದ್ದ ನನ್ನ ಕಡೆ ತಿರುಗಿದ. “ಒಂಬತ್ತನೇ ನಂಬಿಕೆ ಕಣೇ. ಗಿರಾಕಿ ಕೊಳ್ಳೋದು ಸರಕನ್ನಲ್ಲ, ಅನುಭವಾನ. ಅನುಭವ ಆಗ್ತಿರೋವಾಗ ಅಡ್ಡ ಬರಬಾರದು. ಹೋಗು, ಹಿಂದಿನ ಕೋಣೆಯಿಂದ ಹೊಸ ಮಾದರಿ ತಂದು ಹಾಸು.”

ನಾನು ತಂದು ಹಾಸಿದೆ. ಆ ಹೊತ್ತಿಗೆ ನನ್ನ ತಲೆಯೊಳಗೆ ಹಿಂದಿನ ದಿನ ಅಜ್ಜಿ ಅರ್ಧಕ್ಕೆ ನಿಲ್ಲಿಸಿದ ಕಥೆಯ ರಾಜಕುಮಾರಿ, ಗಾಳಿಗೆ ಕಚಗುಳಿ ಇಡುತ್ತಾ ಗೋಪುರದ ಮೇಲೆ ನಿಂತಿದ್ದಳು. ಆದ್ದರಿಂದ ನಾನು ತಂದು ಹಾಸಿದ್ದು ಏನು ಎಂದು ಈಗಲೇ ಕೇಳಬೇಡಿ. ಅಚ್ಚುಕಟ್ಟಾಗಿ ಹಾಸಿದೆ, ಮೇಲೆ ಬಿಳಿ ಹೊದಿಕೆ ಹೊದಿಸಿದೆ, ಹೊಸ ದಿಂಬು ಇಟ್ಟೆ.

ಹತ್ತೂ ಮುಕ್ಕಾಲಿಗೆ ದಪ್ಪಗಿನವರೊಬ್ಬರು, ಕೈಯಲ್ಲಿ ಚರ್ಮದ ಚೀಲ ಹಿಡಿದು, ರಟ್ಟನ್ನು ಎರಡು ಸಲ ಓದಿದರು. ಕಣ್ಣ ಕೆಳಗೆ ಮಸಿ ಬಳಿದ ಹಾಗೆ ಕಪ್ಪು. ಒಳಗೆ ಬಂದು ಬೂಟು ಕಳಚಿ ಜೋಡಿಸಿಟ್ಟರು. ಕನ್ನಡಕ ತೆಗೆದು ಎಡಗಾಲಿನ ಬೂಟಿನೊಳಗೆ ಇಟ್ಟರು. ಮಾವ “ಬನ್ನಿ ಸಾರ್, ನಮ್ಮ ಹೊಸ ಮಾದರಿಯ...” ಎನ್ನುವಷ್ಟರಲ್ಲಿ ಅವರ ತಲೆ ದಿಂಬಿಗೆ ತಾಗಿತು. ‘ವಿಶೇಷ ಏನಂದ್ರೆ’ ಎನ್ನುವಷ್ಟರಲ್ಲಿ ಗೊರಕೆ ಬಂತು.

ಮಾವ ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರು. “ನೋಡಿದ್ಯಾ? ಅನುಭವ!”

ಹನ್ನೊಂದೂವರೆಯಾದರೂ ಅನುಭವ ಮುಗಿಯಲಿಲ್ಲ. ಹನ್ನೆರಡಕ್ಕೆ ಪಕ್ಕದ ದರ್ಜಿ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದು ಗಾಜಿಗೆ ಮೂಗು ಒತ್ತಿದ.

“ಏನ್ರೀ ಇದು? ಗೊಂಬೆನಾ?”

“ಗಿರಾಕಿ” ಅಂದ ಮಾವ, ತುಟಿಯ ಮೇಲೆ ಬೆರಳಿಟ್ಟು.

“ಅಲ್ಲಾಡ್ತಾನೇ ಇಲ್ವಲ್ರೀ.”

“ಸುಖವಾಗಿದಾರೆ.”

“ನಮ್ಮ ದೊಡ್ಡಪ್ಪನೂ ಕೊನೇಗೆ ಹೀಗೇ ಸುಖವಾಗಿದ್ರು” ಅಂದ ದರ್ಜಿ, ಮತ್ತು ಓಡಿದ.

ಐದು ನಿಮಿಷಕ್ಕೆ ಹಾಸಿಗೆ ಅಂಗಡಿಯಲ್ಲಿ ಹೆಣ ಇದೆ ಎಂಬ ಸುದ್ದಿ ಬೀದಿಯ ಆ ತುದಿ ಮುಟ್ಟಿತ್ತು. ಹತ್ತನೇ ನಿಮಿಷಕ್ಕೆ ಅದು ಎರಡು ಹೆಣವಾಗಿ ಹಿಂತಿರುಗಿತು. ಗಾಜಿನ ಮುಂದೆ ಮೂರು ಸಾಲು ಜನ. ಔಷಧಿ ಅಂಗಡಿಯಾಕೆ ಬಿಳಿ ಕೋಟಿನಲ್ಲಿ, ಕೈಯಲ್ಲಿ ಪುಟ್ಟ ಕನ್ನಡಿ ಹಿಡಿದು ಬಂದಳು. ಜನ ದಾರಿ ಬಿಟ್ಟರು. ಕನ್ನಡಿಯನ್ನು ಮಲಗಿದವರ ಮೂಗಿನ ಕೆಳಗೆ ಹಿಡಿದಳು. ಅವರು ನಿದ್ದೆಯಲ್ಲೇ ಅದನ್ನು ತಳ್ಳಿ, ಮಗ್ಗುಲಾಗಿ, ಕೆನ್ನೆಯಡಿ ಅಂಗೈ ಇಟ್ಟುಕೊಂಡು, ಹಳೇ ಬಾಗಿಲು ಎಳೆದ ಹಾಗೆ ಒಂದು ಗೊರಕೆ ಹೊಡೆದರು.

“ಬದುಕಿದಾರೆ” ಎಂದು ಆಕೆ ಘೋಷಿಸಿದಳು. “ನಾನು ಈ ಬೀದಿಯಲ್ಲಿ ನಿದ್ದೆ ಮಾತ್ರೆ ಮಾರೋಕೆ ಶುರು ಮಾಡಿ ಹದಿನೆಂಟು ವರ್ಷ. ಇಂಥಾ ನಿದ್ದೆ ನೋಡಿಲ್ಲ.”

ಹೆಣಕ್ಕೆ ಬಂದ ಜನ ನಿದ್ದೆಗೆ ನಿಂತರು. ಅದೇನು ಆಕರ್ಷಣೆಯೋ, ಮಲಗಿದವರನ್ನು ನೋಡುತ್ತ ನೋಡುತ್ತ ಒಬ್ಬೊಬ್ಬರಿಗೇ ಆಕಳಿಕೆ ಹತ್ತಿತು. ಎದುರುಗಡೆಯ ವೆಲ್ಡಿಂಗಿನವನು ತಾನಾಗಿಯೇ ಯಂತ್ರ ನಿಲ್ಲಿಸಿದ. ಬೀದಿಯೆಲ್ಲ ಪಿಸುಮಾತು.

ಆಗ ಬಂದವರು ಹಾಸ್ಟೆಲಿನ ವಾರ್ಡನ್ನಮ್ಮ. ಹೆಣ್ಣುಮಕ್ಕಳ ಹಾಸ್ಟೆಲು ನಡೆಸಿ ನಡೆಸಿ ಅವರ ಪಿಸುಮಾತೂ ಹಾಜರಿ ಕರೆದ ಹಾಗೆ ಇರುತ್ತದೆ.

“ಅದು ಬೇಕು ನನಗೆ.”

ಮಾವ ಹಿಂದಿನ ಕೋಣೆಯ ಕಡೆ ಕೈ ತೋರಿಸಿದ. “ಹಾಸಿಗೇನಾ ಮೇಡಂ? ಇಂಥದ್ದೇ ಒಳಗಡೆ ಇನ್ನೂ...”

“ಇಂಥದ್ದು ಬೇಡ. ಅದೇ. ಅವರು ಮಲಗಿದಾರಲ್ಲ, ಅದು. ಉಳಿದದ್ದರ ಮೇಲೆ ಯಾರೂ ಮಲಗಿಲ್ಲ. ನನಗೆ ಪರೀಕ್ಷೆ ಪಾಸಾಗಿರೋದೇ ಬೇಕು.”

“ಕೊಟ್ಟುಬಿಡ್ರೀ” ಅಂದಳು ಅತ್ತೆ. ಅವಳು ಬುತ್ತಿ ತಂದವಳು, ಬುತ್ತಿ ಕೆಳಗಿಟ್ಟು ಆಗಲೇ ಸಾಹೇಬರಂಥ ಆ ಮನುಷ್ಯರ ಒಂದು ಪಾದ ಹಿಡಿದಿದ್ದಳು. “ನೀವು ತಲೆ ಹಿಡೀರಿ. ಹಾಗೇ ಪಕ್ಕದ ಹಾಸಿಗೆಗೆ ಹೊರಳಿಸೋಣ.”

ಮಾವ ಮಂಚಕ್ಕೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತುಬಿಟ್ಟ.

“ಒಂಬತ್ತನೇ ನಂಬಿಕೆ” ಅಂದ.

ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಅವರಿಬ್ಬರೂ ಪಿಸುಮಾತಿನಲ್ಲಿ ಜಗಳವಾಡಿದ್ದು ಅದೇ ಮೊದಲು.

“ಐದು ಗಂಟೆಗೆ ನಮ್ಮಣ್ಣ ಬರ್ತಾನೆ ಕಣ್ರೀ!”

“ಬರಲಿ. ಅವರು ಎದ್ದ ಮೇಲೆ ಮಾರ್ತೀನಿ.”

“ನಿಮ್ಮ ನಂಬಿಕೆ ಹಾಳಾಗ!”

“ಮೆಲ್ಲಗೆ ಕಣೇ, ಮೆಲ್ಲಗೆ. ಅನುಭವ ಆಗ್ತಿದೆ.”

ವಾರ್ಡನ್ನಮ್ಮ ಒಂದು ಸ್ಟೂಲು ಎಳೆದುಕೊಂಡು, ಪರ್ಸನ್ನು ತೊಡೆಯ ಮೇಲಿಟ್ಟು ಕೂತರು. “ಕಾಯ್ತೀನಿ. ಹುಡುಗಿಯರನ್ನ ಬೆಳಗ್ಗೆ ಆರಕ್ಕೆ ಎಬ್ಬಿಸೋಳು ನಾನು. ಎಲ್ಲರೂ ಯಾವತ್ತಾದ್ರೂ ಎದ್ದೇ ಏಳ್ತಾರೆ.”

ಎರಡು ಗಂಟೆಗೆ ಒಬ್ಬ ಜವಾನ ಕಂಕುಳಲ್ಲಿ ಕಡತ ಇಟ್ಟುಕೊಂಡು, ಬೀದಿಯಲ್ಲಿ ಯಾರನ್ನೋ ಹುಡುಕುತ್ತ ಬಂದ. ಜನರ ಭುಜದ ಮೇಲಿಂದ ಇಣುಕಿದವನು ಹಣೆ ಹಣೆ ಚಚ್ಚಿಕೊಂಡ. “ಅಯ್ಯಯ್ಯೋ, ನಮ್ಮ ಸಾಹೇಬ್ರು! ಬೆಳಗ್ಗೆಯಿಂದ ಆಫೀಸೆಲ್ಲ ಹುಡುಕ್ತಾ ಇದೀವಿ!”

ಮಲಗಿದ್ದವರು ಸರಕುಗಳ ಮೇಲಿನ ದೂರು ವಿಭಾಗದ ಅಧಿಕಾರಿ. ಅಳತೆ ಕಡಿಮೆ, ತೂಕ ಕಡಿಮೆ, ಒಳಗಿರೋದು ಬೇರೆ ಹೊರಗಿರೋದು ಬೇರೆ, ಹೀಗೆ ಯಾರಿಗೆ ಏನು ಮೋಸವಾದರೂ ಅವರ ಮೇಜಿನ ಮುಂದೆ ಹೋಗಿ ನಿಲ್ಲಬೇಕು. ಜವಾನ “ಸಾರ್” ಎನ್ನಲು ಬಾಯಿ ತೆರೆದ. ಮಾವ ಆ ಬಾಯಿಗೆ ಒಂದು ಸಣ್ಣ ದಿಂಬು ಒತ್ತಿದ. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ದಿಂಬಿನೊಳಗಿಂದ ಕೇಳಿಸಿತು.

ಆ ತಕರಾರನ್ನು ತೀರಿಸಿದ್ದು ಸಾಹೇಬರ ಹೆಂಡತಿ. ಸುದ್ದಿ ಕೇಳಿ ಮನೆಯ ಚಪ್ಪಲಿಯಲ್ಲೇ ಓಡಿಬಂದಿದ್ದರು. ಗಂಡನ ಮುಖ ನೋಡಿ ಮಂಚದ ಕಾಲಬುಡದಲ್ಲಿ ಹಾಗೇ ಕುಸಿದು ಕೂತರು.

“ಎಂಟು ತಿಂಗಳಾಯ್ತು ಇವರು ಹೀಗೆ ಮಲಗಿ” ಅಂದರು. “ಆ ದೂರಿನ ಸೆಕ್ಷನ್ ಕೊಟ್ಟಾಗಿಂದ ಮಲಗಿದ್ರೆ ಎದ್ದು ಕೂರ್ತಾರೆ. ಗೋಡೆ ನೋಡಿ ‘ಮುಂದಿನವರು ಬನ್ನಿ’ ಅಂತಾರೆ. ಡಾಕ್ಟ್ರು, ಮಾತ್ರೆ, ಎಲ್ಲ ಆಯ್ತು.” ಜವಾನನ ಕಡೆ ತಿರುಗಿ ಬೆರಳೆತ್ತಿದರು. “ಎಬ್ಬಿಸಿದ್ಯೋ, ನೋಡು!”

ಜವಾನ ಕಡತವನ್ನು ತಲೆಯಡಿ ಇಟ್ಟುಕೊಂಡು ಮೂಲೆಯಲ್ಲಿ ತಾನೂ ಒರಗಿದ.

ನಾಲ್ಕೂವರೆಗೆ ಗೋಡೌನ್ ಭಾವ ಕಾರಿನಿಂದ ಇಳಿದರು. ಹಿಂದಿನ ಬಾಗಿಲಿನಿಂದ ನಮ್ಮಜ್ಜಿ ಇಳಿದಳು. ಅಂಗಡಿಯ ಕೊನೆ ದಿನ ತಾನು ಅಲ್ಲಿರಬೇಕು ಎಂದು ಹಟ ಮಾಡಿ ಕೂತು ಬಂದಿದ್ದಳು. ಭಾವ ಜನಜಂಗುಳಿ ನೋಡಿ ಒಂದು ಕ್ಷಣ ಬೆರಗಾದರು.

“ಏನಪ್ಪಾ, ಮಾರಿದ್ಯಾ?”

“ಮಾರಿದ ಹಾಗೇ ಭಾವ. ಕೊಳ್ಳೋರು ಕೂತಿದಾರೆ. ಮಲಗಿರೋರು ಏಳಬೇಕು.”

ಭಾವ ಗಡಿಯಾರ ನೋಡಿಕೊಂಡು ಬಾಗಿಲಿಗೆ ಒರಗಿದರು.

ಅಜ್ಜಿ ಮಾತ್ರ ಮಂಚದ ಹತ್ತಿರ ಹೋಗಿ, ಬಗ್ಗಿ, ಇಳಿಬಿದ್ದ ಹೊದಿಕೆಯನ್ನು ಎರಡು ಬೆರಳಲ್ಲಿ ಎತ್ತಿದಳು. ಮತ್ತೆ ಬಿಟ್ಟಳು. ನನ್ನ ಕಿವಿಗೆ ಬಾಯಿಟ್ಟಳು.

“ಇದು ನನ್ನ ಹಾಸಿಗೆ ಅಲ್ವೇನೇ?”

“ಯಾವ ಹಾಸಿಗೆ ಅಜ್ಜಿ?”

“ನಾನು ಮಲಗೋದು! ಬಿಚ್ಚಿ ತುಂಬಿಕೊಡು ಅಂತ ಐದು ತಿಂಗಳ ಹಿಂದೆ ನಿನ್ನ ಮಾವನ ಕೈಗೆ ಕೊಟ್ಟಿದ್ದು. ನೋಡು, ಮೂರು ಮೂಲೇಲಿ ನೀಲಿ ದಾರ, ಒಂದರಲ್ಲಿ ಹಸಿರು. ನಿಮ್ಮ ತಾತನಿಗೆ ಆವತ್ತು ನೀಲಿ ದಾರ ಸಾಲದೆ ಬಂತು.”

ಗಾಳಿಗೆ ಕಚಗುಳಿ ಇಡುತ್ತಿದ್ದ ರಾಜಕುಮಾರಿ ನನ್ನ ತಲೆಯ ಗೋಪುರದಿಂದ ಧೊಪ್ಪನೆ ಬಿದ್ದಳು. ಹೊಸ ಮಾದರಿ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಹಾಗೇ ನಿಂತಿತ್ತು. ನಾನು ಮಾವನ ತೋಳು ಹಿಡಿದು ಆ ಹಸಿರು ದಾರ ತೋರಿಸಿದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಗೋಡೆಯ ಗಡಿಯಾರ ನೋಡಿದ. ಐದಕ್ಕೆ ಹನ್ನೆರಡು ನಿಮಿಷ.

ಸರಿಯಾಗಿ ಆಗಲೇ ಸಾಹೇಬರು ಕಣ್ಣು ತೆರೆದರು.

ಬೀದಿಯೆಲ್ಲ ನೂಕಿಕೊಂಡು ಮುಂದೆ ಬಂತು. ಅವರು ಎದ್ದು ಕೂತು ಬೂಟಿನೊಳಗಿಂದ ಕನ್ನಡಕ ತೆಗೆದು ಹಾಕಿಕೊಂಡರು. ಗಾಜಿನಾಚೆ ನೂರಾರು ಮುಖಗಳು ತಮ್ಮನ್ನೇ ನೋಡುತ್ತಿರುವುದು ಕಂಡಿತು. ಅವರ ಬೆನ್ನು ತಾನಾಗಿ ನೆಟ್ಟಗಾಯಿತು.

“ನೂಕಾಡಬೇಡಿ” ಅಂದರು. “ಸಾಲಾಗಿ ಬನ್ನಿ. ಮೊದಲನೇ ದೂರು ಯಾರದು?”

ಹೊರಗೆ ಜನ ನಿಜವಾಗಿಯೂ ಸಾಲು ನಿಂತರು. ದರ್ಜಿ ಎರಡನೆಯವನಾಗಲು ಔಷಧಿ ಅಂಗಡಿಯಾಕೆಯನ್ನು ತಳ್ಳಿದ. ಒಳಗೆ ವಾರ್ಡನ್ನಮ್ಮ ಪರ್ಸಿನ ಬಾಯಿ ತೆರೆದರು. “ಎದ್ರಲ್ಲ. ಕಟ್ಟಿಸಿ ಕೊಡಿ.” ಅತ್ತೆ ಹಗ್ಗದ ಉಂಡೆ ಹಿಡಿದು ಆಗಲೇ ಮುಂದೆ ಬಂದಿದ್ದಳು. ಭಾವ ಬಾಗಿಲಿನಿಂದ ನೆಟ್ಟಗಾದರು. ಮಾವ ಒಂದು ಮಾತೂ ಆಡಬೇಕಾಗಿರಲಿಲ್ಲ. ಸುಮ್ಮನೆ ಹಗ್ಗದ ಒಂದು ತುದಿ ಹಿಡಿದುಕೊಂಡಿದ್ದರೆ ಸಾಕಾಗಿತ್ತು.

ಅವನು ಸಾಹೇಬರ ಮುಂದೆ ಹೋಗಿ ಕೈಕಟ್ಟಿ ನಿಂತ.

“ಮೊದಲನೇ ದೂರು ನಂದು ಸಾರ್.”

“ಯಾರ ಮೇಲೆ?”

“ನನ್ನ ಮೇಲೇ.”

ಸಾಹೇಬರ ಹುಬ್ಬು ಮೇಲೇರಿತು. “ವಿವರ?”

“ಈ ಹಾಸಿಗೆ ಹೊಸದಲ್ಲ ಸಾರ್. ನಮ್ಮಮ್ಮನದು. ನಲವತ್ತೊಂದು ವರ್ಷದ್ದು. ರಿಪೇರಿಗೆ ಬಂದಿದ್ದು, ಅದನ್ನೂ ನಾನು ಮಾಡಿಲ್ಲ. ಬೆಳಗ್ಗೆಯಿಂದ ಹೊಸ ಮಾದರಿ ಅಂತ ಬೀದಿಗೆಲ್ಲ ತೋರಿಸಿದೀನಿ.”

ಅತ್ತೆಯ ಕೈಯಿಂದ ಹಗ್ಗದ ಉಂಡೆ ಜಾರಿ, ಉರುಳುತ್ತ ಹೋಗಿ ಭಾವನ ಬೂಟಿಗೆ ತಗುಲಿ ನಿಂತಿತು.

“ಒಳಗೇನಿದೆ?” ಎಂದು ಸಾಹೇಬರು ಕೇಳಿದರು.

“ಹತ್ತಿ ಸಾರ್. ಬರೀ ಹತ್ತಿ. ಎರಡು ವರ್ಷಕ್ಕೊಂದ್ಸಲ ಬಿಚ್ಚಿ, ಬಿಸಿಲಿಗೆ ಹರಡಿ, ಗಂಟು ಗಂಟನ್ನೂ ಕೈಯಲ್ಲೇ ಬಿಡಿಸಿ ತುಂಬಿದ್ದು. ಮೊದಲು ನಮ್ಮಪ್ಪ, ಆಮೇಲೆ ನಾನು. ನನ್ನದೊಂದು ಹಾಲುಹಲ್ಲು ಕಳೆದುಹೋಗಿತ್ತು, ಅದೂ ಒಳಗೇ ಇರಬಹುದು.”

“ನಷ್ಟ ಆಗಿರೋದು ಯಾರಿಗೆ?”

“ಇನ್ನೂ ಯಾರಿಗೂ ಇಲ್ಲ. ಆ ಮೇಡಂ ಪರ್ಸು ತೆಗೆದಿದಾರೆ, ಅವರಿಗೆ ಆಗೋದ್ರಲ್ಲಿತ್ತು.”

ಸಾಹೇಬರು ಜೇಬಿನಲ್ಲಿ ಪೆನ್ನು ತಡಕಿದರು. “ದೂರು ಕೊಟ್ಟವನೂ ಅವನೇ, ಸಿಕ್ಕಿಬಿದ್ದವನೂ ಅವನೇ. ಎಂಟು ತಿಂಗಳಲ್ಲಿ ಇಂಥಾ ಕೇಸು ಇದೇ ಮೊದಲು. ಇತ್ಯರ್ಥವಾಗಿದೆ. ಮುಂದಿನವರು ಬನ್ನಿ.” ಆಮೇಲೆ ಕೈಗೆ ಮೇಜು ಸಿಗದೆ ಹೊದಿಕೆ ಸಿಕ್ಕಿತು. ಹೆಂಡತಿ ಕಂಡರು. ತಮ್ಮ ಕಾಲುಚೀಲ ಕಂಡಿತು. ಮುಖ ಕೆಂಪಾಯಿತು. ಬೂಟು ಹಾಕಿಕೊಂಡು ಹೊರಡುವಾಗ ಏನಾದರೂ ಹೇಳಬೇಕಲ್ಲ ಎಂದು ಮಾವನಿಗೆ ಹೇಳಿದರು:

“ಹಾಸಿಗೆ ಬಹಳ ಚೆನ್ನಾಗಿದೆ. ದಿಂಬು ಸ್ವಲ್ಪ ಗಟ್ಟಿ.”

“ದಿಂಬು ಹೊಸದು ಸಾರ್” ಅಂದ ಮಾವ.

ವಾರ್ಡನ್ನಮ್ಮನ ಪರ್ಸು ಟಕ್ಕೆಂದು ಮುಚ್ಚಿತು. ಗಡಿಯಾರ ಐದು ಹೊಡೆಯಿತು. ಜನ ನಗುತ್ತ, ಆಕಳಿಸುತ್ತ ಚದುರಿದರು. ಭಾವ ಏನೋ ಗಟ್ಟಿಯಾಗಿ ಹೇಳಲು ಬಂದವರು, ಹಗ್ಗದ ಉಂಡೆ ಎತ್ತಿ ಅತ್ತೆಗೆ ಕೊಟ್ಟು, “ಸೋಮವಾರ, ಎಂಟಕ್ಕೆ” ಎಂದಷ್ಟೇ ಮೆಲ್ಲಗೆ ಹೇಳಿ ಹೋದರು. ಅತ್ತೆ ಬೈಯಲಿಲ್ಲ. ಅವಳು ಬೈಯದಿದ್ದದ್ದನ್ನು ನೋಡಿ ಮಾವನಿಗೆ ಪರಿಸ್ಥಿತಿಯ ಗಾಂಭೀರ್ಯ ಅರ್ಥವಾಯಿತು.

ಸೋಮವಾರ ಏಳಕ್ಕೆ ಮಾವ ಬುತ್ತಿಯ ಚೀಲ ತೂಗುಹಾಕಿಕೊಂಡು, ಕುರ್ಚಿಗೆಂದು ಒಂದು ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು, ಅಂಗಡಿಯ ರಟ್ಟು ಬಿಚ್ಚಿಕೊಂಡು ಹೋಗೋಣವೆಂದು ಬೀದಿಗೆ ತಿರುಗಿದ. ನಾನೂ ಅಜ್ಜಿಯೂ ಹಿಂದೆ.

ಶಟರಿನ ಮುಂದೆ ಹಾಸಿಗೆಗಳು. ಸುತ್ತಿದವು, ಮಡಚಿದವು, ಹರಿದವು, ನಡುವೆ ಹಳ್ಳ ಬಿದ್ದವು. ಅವುಗಳ ಮೇಲೆ ಜನ ಸಾಲಾಗಿ ಕೂತಿದ್ದರು. ಎಲ್ಲರಿಗಿಂತ ಮುಂದೆ ಸಾಹೇಬರ ಹೆಂಡತಿ.

“ನಮಗೆ ಹೊಸದು ಬೇಡಪ್ಪ. ಇದನ್ನ ನಿಮ್ಮಮ್ಮನದರ ಹಾಗೆ ಮಾಡಿಕೊಡಿ. ಶನಿವಾರ ಮಲಗಿದ್ದೇ, ಆಮೇಲೆ ಎರಡು ದಿನದಿಂದ ಇವರು ಮತ್ತೆ ಗೋಡೆ ಜೊತೆ ಮಾತಾಡ್ತಿದಾರೆ.”

“ನಮ್ಮದು ಮೂವತ್ತಾರು” ಎಂದು ಹಿಂದಿನಿಂದ ಹಾಜರಿ ಕರೆದ ಹಾಗೆ ದನಿ ಬಂತು. ವಾರ್ಡನ್ನಮ್ಮ ಒಂದು ಲಾರಿಯ ಪಕ್ಕ ನಿಂತಿದ್ದರು. “ಒಳಗೇನಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದವರು ನೀವೊಬ್ಬರೇ. ನಿಮ್ಮ ಹತ್ತೀಲಿ ಹಲ್ಲು ಸಿಕ್ಕಿದ್ರೂ ಪರವಾಗಿಲ್ಲ.”

ಮಾವ ಕಂಕುಳ ದಿಂಬನ್ನು ಎದೆಗೆ ಅವಚಿಕೊಂಡು ನಿಂತುಬಿಟ್ಟ. ಆಗ ಗೋಡೌನ್ ಭಾವನ ಕಾರು ಬಂತು. ಮಾವ ಬೆಚ್ಚಿಬಿದ್ದು “ಬಂದೆ ಭಾವ, ಹೊರಟೇಬಿಟ್ಟಿದ್ದೆ” ಅಂದ. ಭಾವ ಇಳಿದು, ಸಾಲನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಗಂಟಲು ಸರಿಮಾಡಿಕೊಂಡರು.

“ಕುರ್ಚಿಗೆ ಬೇರೆಯವರನ್ನ ನೋಡ್ಕೊಂಡಿದೀನಿ.” ಕಾರಿನ ನೆತ್ತಿಯ ಕಡೆ ಗಲ್ಲ ತೋರಿಸಿದರು. ಅಲ್ಲಿ ಹಗ್ಗ ಬಿಗಿದ ಒಂದು ಹಳೇ ಹಾಸಿಗೆ. “ನನಗಲ್ಲ. ನಿಮ್ಮತ್ತಿಗೇದು. ಬೆನ್ನಿನ ಹತ್ರ ಹಳ್ಳ.”

“ಸಾಲಲ್ಲಿ ಬನ್ನಿ ಭಾವ” ಅಂದ ಮಾವ.

ಆ ದಿನ ನಾನು ಏಣಿ ಹತ್ತಿ ಬೋರ್ಡಿನ ಬಿಳಿ ಬಣ್ಣ ಕೆರೆದೆ. ಮಾವ ಕೆಳಗೆ ಹತ್ತಿ ಹರಡಿಕೊಂಡು, ನೋಟ್‌ಬುಕ್ಕಿನಲ್ಲಿ ಹತ್ತನೇ ನಂಬಿಕೆ ಬರೆದ: ‘ಹೊಸದರ ಜಾಗದಲ್ಲಿ ಹಳೆಯದನ್ನು ಇಡುವುದು. ಇದನ್ನು ಬಹಳ ಮುಂಚೆಯೇ ಯೋಚಿಸಿಟ್ಟಿರಬೇಕು.’ ಅತ್ತೆ ಅದನ್ನು ಓದಿ, ನನ್ನನ್ನು ನೋಡಿ, ಹತ್ತಿ ಬಿಡಿಸಲು ಕೂತಳು. ಸಾಲಿನಲ್ಲಿದ್ದವರಿಗೆ ಅಜ್ಜಿ ಗಾಳಿಗೆ ಕಚಗುಳಿ ಇಟ್ಟ ರಾಜಕುಮಾರಿಯ ಕಥೆಯನ್ನು ಕೊನೆಯವರೆಗೂ ಹೇಳಿದಳು. ಬಣ್ಣ ಕೆರೆಯುವ ಸದ್ದಿನಲ್ಲಿ ನನಗದು ಕೇಳಿಸಲಿಲ್ಲ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಜ್ಜಿ ಅಂಗಡಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಊರವರದೆಲ್ಲ ಆಯ್ತು. ನನ್ನ ಹಾಸಿಗೆ ಯಾವಾಗಲೋ ಬಿಚ್ಚಿ ತುಂಬಿಕೊಡೋದು?”

“ಆರನೇ ನಂಬಿಕೆ ಅಮ್ಮ” ಅಂದ ಮಾವ, ತಲೆಯೆತ್ತದೆ. “ಸಿಗದಿದ್ರೆ ಜನ ಹಾತೊರೀತಾರೆ.”

ಅಜ್ಜಿ ಕೈಗೆ ಸಿಕ್ಕಿದ ದಿಂಬು ತೆಗೆದು ಅವನ ತಲೆಗೆ ಗುರಿಯಿಟ್ಟು ಎಸೆದಳು. ಹೊಸ ದಿಂಬು. ಸಾಹೇಬರು ಹೇಳಿದ್ದು ಸುಳ್ಳಲ್ಲ, ಸ್ವಲ್ಪ ಗಟ್ಟಿಯೇ.